ಒಂದೇ ಸೈಜಿನ ಪುಸ್ತಕಗಳು

ನನ್ನ ಅತ್ತಿಗೆ ಸಾವಿತ್ರಮ್ಮನಿಗೆ ಕಣ್ಣು ಹೋದಾಗ ನಮ್ಮ ಕಣಕಟ್ಟೆಯವರೆಲ್ಲ ಕೇಳಿದ್ದು ಒಂದೇ ಮಾತು: ‘ಪಾಪ, ಇನ್ನು ಆ ಪುಸ್ತಕನೆಲ್ಲ ಏನ್ ಮಾಡ್ತಾಳಂತೆ?’ ನನಗೆ ಮೈ ಉರಿದುಹೋಯಿತು. ಕಣ್ಣಿಲ್ಲದವಳು ಬಚ್ಚಲಿಗೆ ಹೇಗೆ ಹೋಗುತ್ತಾಳೆ, ಒಲೆ ಮುಂದೆ ಹೇಗೆ ನಿಲ್ಲುತ್ತಾಳೆ ಎಂದು ಒಬ್ಬರಾದರೂ ಕೇಳಬೇಡವೇ? ಆದರೆ ಅವರದೂ ತಪ್ಪಲ್ಲ. ಊರಲ್ಲಿ ಅವಳನ್ನು ಗುರುತು ಹೇಳುವುದೇ ‘ಪುಸ್ತಕದ ಸಾವಿತ್ರಮ್ಮ’ ಅಂತ.

ನಾನು ಸುವರ್ಣಮ್ಮ. ಸಾವಿತ್ರಮ್ಮನ ಗಂಡ ಪುಟ್ಟಸ್ವಾಮಿ ನನ್ನ ಒಡಹುಟ್ಟಿದ ಅಣ್ಣ. ನನ್ನನ್ನು ಬೇರೆ ಊರಿಗೆ ಕೊಡದೆ ಇಲ್ಲೇ ಎರಡು ಬೀದಿಯಾಚೆ ಕೊಟ್ಟಿದ್ದರಿಂದ ಆ ಮನೆಯ ಒಳಗುಟ್ಟೆಲ್ಲ ನನಗೆ ಗೊತ್ತು. ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ನನ್ನ ಬಾಯಿ ಸ್ವಲ್ಪ ಜೋರಾಗಿದೆ. ರಿಟೈರ್ ಆದ ಮೇಲೂ ಕಡಿಮೆಯಾಗಿಲ್ಲ.

ಅತ್ತಿಗೆ ಹಾರನಹಳ್ಳಿಯವಳು. ಮದುವೆಯಾಗಿ ಬಂದಾಗ ಅವಳ ಟ್ರಂಕು ಎತ್ತಲು ಹೋದ ಆಳು ಸೊಂಟ ಹಿಡಿದುಕೊಂಡು ಕೂತ. ಬಿಚ್ಚಿ ನೋಡಿದರೆ ಮೇಲೆ ನಾಲ್ಕು ಸೀರೆ, ಕೆಳಗೆಲ್ಲ ಪುಸ್ತಕ. ‘ಇವ್ಳೇನ್ ಗಂಡನ ಮನೆಗ್ ಬಂದವ್ಳೋ, ಇಸ್ಕೂಲಿಗ್ ಬಂದವ್ಳೋ’ ಎಂದು ನಮ್ಮವ್ವ ಬಹಳ ದಿನ ಗೊಣಗಿದಳು. ಅಣ್ಣ ಮಾತ್ರ ಹಳೆಯ ತೆಂಗಿನ ಮರ ಕುಯ್ಯಿಸಿದಾಗ ಅದರ ಹಲಗೆಯಲ್ಲಿ ನಡುಮನೆಯ ಗೋಡೆಗೆ ಉದ್ದಕ್ಕೂ ಪುಸ್ತಕದ ಅಟ್ಟಣೆ ಹೊಡೆಸಿಕೊಟ್ಟ. ಅಷ್ಟೇ ಅವನ ಪ್ರೀತಿ. ಬಾಯಲ್ಲಿ ಹೇಳುವ ಜಾಯಮಾನ ಅವನದಲ್ಲ.

ಆಮೇಲೆ ಆ ಹಲಗೆ ತುಂಬುತ್ತಾ ಬಂತು. ಅಣ್ಣ ಕೊಬ್ಬರಿ ಹಾಕಿಕೊಂಡು ಅರಸೀಕೆರೆಗೆ ಹೊರಟಾಗಲೆಲ್ಲ ಅವಳೂ ಹೊರಡುತ್ತಿದ್ದಳು. ಅವನು ಮಾರ್ಕೆಟ್ ಯಾರ್ಡಿನಲ್ಲಿ ವ್ಯಾಪಾರ ಮುಗಿಸುವಷ್ಟರಲ್ಲಿ ಇವಳು ಸ್ಟೇಷನ್ ರಸ್ತೆಯ ಹಳೇ ಪುಸ್ತಕದ ಅಂಗಡಿಯನ್ನು ಜಾಲಾಡಿ ಒಂದೋ ಎರಡೋ ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತಿರುತ್ತಿದ್ದಳು. ಓದಲು ಅವಳಿಗೆಂದು ಬೇರೆ ಹೊತ್ತು ಇರಲಿಲ್ಲ. ಸಾರು ಕುದಿಯುವವರೆಗೆ ಒಲೆ ಮುಂದೆ ಓದು. ಕಾಯಿ ಸುಲಿಯುವವರಿಗೆ ಕಾಫಿ ಕೊಟ್ಟು ಲೋಟ ಖಾಲಿಯಾಗುವವರೆಗೆ ಓದು. ಹಾಗಾಗಿ ಒಂದೊಂದು ಪುಸ್ತಕಕ್ಕೂ ಒಂದೊಂದು ಗಾಯ. ಒಂದರ ಮೂಲೆ ಒಲೆಗೆ ಸುಟ್ಟಿದೆ. ಒಂದಕ್ಕೆ ಅಟ್ಟದ ಮೇಲಿನ ಕೊಬ್ಬರಿಯ ಎಣ್ಣೆ ಇಳಿದು ರಟ್ಟು ಜಿಡ್ಡಾಗಿದೆ. ಒಂದನ್ನು ಇಲಿ ಕಡಿದಿದೆ. ಒಂದರ ಬೆನ್ನಿನ ಮೇಲೆ ಮಗ ಚೇತನನ ಹಾಲುಹಲ್ಲಿನ ಗುರುತು. ರಟ್ಟು ಕಿತ್ತುಹೋದವಕ್ಕೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ಹಾಕಿ ಗೋಣಿ ದಬ್ಬಳದಲ್ಲಿ ತಾನೇ ಹೊಲಿದಿದ್ದಳು.

ಐವತ್ತೈದು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹಾಸನದ ಡಾಕ್ಟರು ಕಣ್ಣಿನ ಹಿಂದಿನ ಪರದೆ ಕೆಟ್ಟಿದೆ, ಬಂದಿದ್ದು ತಡವಾಯಿತು ಎಂದರು. ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು ಹೋದವು, ಕೊನೆಗೆ ಬಾಗಿಲ ಬೆಳಕೂ ಹೋಯಿತು. ಇಡೀ ಮನೆ ಆಳಿದವಳು ಎಲ್ಲದಕ್ಕೂ ಕೇಳುವಂತಾದಳು. ನೀರಿನ ಚೊಂಬು ಎಲ್ಲಿ, ಚಪ್ಪಲಿ ಎಲ್ಲಿ, ಸೀರೆ ಸರಿಯಾಗಿ ಉಟ್ಟಿದೀನಾ. ‘ಬೆಳಗಾದ್ರೆ ಕೇಳೋದೇ ಆಗೋಯ್ತು ಕಣೇ ಸುವರ್ಣ. ನನ್ನ ಬಾಯ್ನ ಕಂಡ್ರೆ ನನಗೇ ಅಸಹ್ಯ’ ಎನ್ನುತ್ತಿದ್ದಳು.

ಅಣ್ಣನಂತೂ ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟ. ಅವಳನ್ನು ನೋಡಿದರೆ ಏನು ಮಾಡಬೇಕೋ ತೋಚದೆ ಹೊತ್ತು ಹುಟ್ಟುವ ಮೊದಲೇ ತೋಟಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಚೇತನ ಹಗಲೆಲ್ಲ ಹೊರಗೆ, ಸೊಸೆ ಬಿಂದುಶ್ರೀ ಸೊಸೈಟಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಅತ್ತಿಗೆ ಒಬ್ಬಳೇ ಎಂದು ನಾನು ಹೋಗಿ ಕೂರುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಬೇಜಾರಿಗೆ, ‘ಯಾವ್ದಾದ್ರೂ ಪುಸ್ತಕ ಓದಿ ಹೇಳ್ಲಾ ಅತ್ತಿಗೆ?’ ಎಂದೆ. ಅವಳು ಎದ್ದಳು. ಗೋಡೆ ಹಿಡಿದು ಹಲಗೆಯ ಹತ್ತಿರ ಹೋಗಿ ಬೆರಳಾಡಿಸಿದಳು. ಒಂದರ ಮೂಲೆ ಸವರಿ ಬಿಟ್ಟಳು, ಇನ್ನೊಂದರ ಬೆನ್ನು ಮುಟ್ಟಿ ಬಿಟ್ಟಳು, ಮತ್ತೊಂದನ್ನು ಎಳೆದು ತಂದು ನನ್ನ ತೊಡೆಯ ಮೇಲಿಟ್ಟಳು. ‘ಇದು ಇಲಿ ಪುಸ್ತಕ. ಆ ಹುಡ್ಗಿ ಬಾವಿಕಟ್ಟೆ ಮೇಲೆ ಕೂತಿರ್ತಾಳಲ್ಲ, ಅಲ್ಲಿಂದ ಓದು’ ಎಂದಳು. ಪುಟ ತಿರುವಿದರೆ ನಿಜವಾಗಿ ಹುಡುಗಿ ಬಾವಿಕಟ್ಟೆಯ ಮೇಲೆ ಕೂತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನ ಬೇಕೆಂದೇ ಎರಡು ಪುಸ್ತಕ ಅದಲುಬದಲು ಮಾಡಿಟ್ಟೆ. ಅವಳು ಮುಟ್ಟಿದವಳೇ, ‘ನನ್ ತಾವ ಆಟ ಆಡ್ಬೇಡ. ಇದು ಎಣ್ಣೇದು, ಇದರ ಜಾಗ ಆ ಕಡೆ’ ಎಂದು ತಾನೇ ಸರಿಮಾಡಿದಳು.

ಅಂದಿನಿಂದ ನಮ್ಮ ಮಧ್ಯಾಹ್ನಗಳು ಹಾಗೇ. ಯಾವ ದಿನ ಯಾವುದು ಓದಬೇಕೆಂದು ಅವಳೇ ತೀರ್ಮಾನಿಸಬೇಕು, ಅವಳೇ ತೆಗೆಯಬೇಕು, ಅವಳೇ ಇಡಬೇಕು. ನಾನು ಕೈ ಹಾಕಿದರೆ ರೇಗುತ್ತಿದ್ದಳು. ದಿನವೆಲ್ಲ ಮಂದಿಯನ್ನು ಕೇಳುವವಳು ಆ ಹಲಗೆಯ ಮುಂದೆ ಮಾತ್ರ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅದೊಂದೇ ಅವಳಿಗೆ ಉಳಿದಿದ್ದು. ಅಣ್ಣ ಇದನ್ನು ಕಂಡೇ ಇರಲಿಲ್ಲ. ಪುಸ್ತಕ ಆರಿಸುವುದು ನಾನು ಎಂದೇ ಅವನು ತಿಳಿದಿದ್ದ.

ಕಳೆದ ಸಂಕ್ರಾಂತಿ ಮುಗಿದ ಮೇಲೆ ಹಾರನಹಳ್ಳಿಯಿಂದ ಅತ್ತಿಗೆಯ ಅಕ್ಕ ಜಾನಕಮ್ಮ ಹೇಳಿಕಳಿಸಿದರು. ಬಂದು ನಾಲ್ಕು ದಿನ ಇದ್ದು ಹೋಗಲಿ ಅಂತ. ಜೊತೆಗೆ ನಾನೇ ಹೋದೆ. ಜಾನಕಮ್ಮ ಬಿಡದೆ ಎರಡು ವಾರ ಇಟ್ಟುಕೊಂಡರು. ಅತ್ತಿಗೆಗೆ ಕೊನೆಕೊನೆಗೆ ಚಡಪಡಿಕೆ. ‘ಮನೇಲಾದ್ರೆ ನನ್ ಪುಸ್ತಕ ನನ್ ಕೈಗೆ ಸಿಗ್ತವೆ, ನಡೀ’ ಎಂದು ಬಸ್ಸು ಹತ್ತಿಸಿದಳು.

ನಾವು ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಹಗಲು ಹೊತ್ತು ಅವನು ಮನೆಯಲ್ಲಿದ್ದದ್ದು ಕಂಡೇ ನನಗೆ ಅನುಮಾನ ಬರಬೇಕಿತ್ತು. ‘ಬಾ, ನಿನಗೊಂದು ತೋರ್ಸದೈತೆ’ ಎಂದು ಅತ್ತಿಗೆಯನ್ನು ನಡುಮನೆಗೆ ಕರೆದುಕೊಂಡು ಹೋದ. ನಾನು ಹಲಗೆ ನೋಡಿದೆ.

ಅಷ್ಟೂ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಅರಸೀಕೆರೆಗೆ ಒಯ್ದು, ಆಫೀಸುಗಳ ಕಡತ ಕಟ್ಟುವ ಬೈಂಡರ್ ಒಬ್ಬನ ಕೈಲಿ ಬೈಂಡ್ ಮಾಡಿಸಿದ್ದ. ಎಲ್ಲಕ್ಕೂ ಅದೇ ಗಟ್ಟಿ ರಟ್ಟು, ಅದೇ ನೀಲಿ ಬಟ್ಟೆ. ಹಳೇ ಮುಖಪುಟಗಳನ್ನು ಕಿತ್ತೆಸೆದು, ಮೂರು ಕಡೆಯೂ ಅಂಚು ಕತ್ತರಿಸಿ, ದಬ್ಬಳದ ಹೊಲಿಗೆಯೆಲ್ಲ ಬಿಚ್ಚಿ ಹೊಸದಾಗಿ ಹೊಲಿದಿದ್ದರು. ಸಾಲಾಗಿ ನಿಂತಿದ್ದವು, ಹೊಸ ಇಟ್ಟಿಗೆ ಜೋಡಿಸಿದ ಹಾಗೆ.

‘ಎಲ್ಲಾ ಒಂದೇ ಸೈಜ್ ಕಣೇ’ ಎಂದು ಅಣ್ಣ ಹಿಗ್ಗಿಹೋಗಿದ್ದ. ‘ಮೊದ್ಲು ಒಂದ್ ದಪ್ಪ, ಒಂದ್ ಸಣ್ಣ, ಹಾಳೆ ಬೇರೆ ಉದುರ್ತಿದ್ವು. ತೆಳ್ಳಗಿರೋವ್ನ ಮೂರು ನಾಕು ಸೇರ್ಸಿ ಒಂದ್ ಮಾಡ್ಸಿವ್ನಿ. ಯಾವ್ದಾದ್ರೂ ತಗಿ, ಅಳತೆ ಕೂದಲೆಳೆ ವ್ಯತ್ಯಾಸ ಬರಕಿಲ್ಲ.’

ಕೊಬ್ಬರಿಯವರ ಬುದ್ಧಿಯೇ ಇಷ್ಟು. ಉಂಡೆ ಕೊಬ್ಬರಿಯನ್ನು ಸೈಜು ನೋಡಿ ಆರಿಸಿ, ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಮಾಡಿ, ಒಂದೇ ಸಮ ಇರುವ ರಾಶಿ ಹಾಕಿದರೆ ಯಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಜನ್ಮವೆಲ್ಲ ಅದನ್ನೇ ಮಾಡಿದವನು ಹೆಂಡತಿಯ ಪುಸ್ತಕಕ್ಕೂ ಅದೇ ಮಾನ ಕೊಟ್ಟಿದ್ದ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಕಣ್ಣುಮುಚ್ಚಿ ಹೇಳುವ ಮನುಷ್ಯನಿಗೆ ಕಣ್ಣಿಲ್ಲದವಳ ಕೈ ಏನು ಹುಡುಕುತ್ತದೆ ಎಂದು ಹೊಳೆಯಲಿಲ್ಲವಲ್ಲ! ಬಾಯಿಗೆ ಬಂದಿದ್ದನ್ನು ಅಂದುಬಿಡುತ್ತಿದ್ದೆ. ಅವನ ಮುಖ ನೋಡಿ ಸುಮ್ಮನಾದೆ. ಅತ್ತಿಗೆಗೆ ಕಣ್ಣು ಹೋದ ಮೇಲೆ ಆ ಮುಖದಲ್ಲಿ ಗೆಲುವು ಕಂಡಿದ್ದು ಅಂದೇ.

ಅತ್ತಿಗೆ ಮೊದಲನೆಯದನ್ನು ಮುಟ್ಟಿದಳು. ಪಕ್ಕದ್ದನ್ನು ಮುಟ್ಟಿದಳು. ಅದರ ಪಕ್ಕದ್ದನ್ನು. ಕೈ ಬೇಗಬೇಗ ಓಡಿತು, ಕೆಳಗಿನ ಸಾಲಿಗೆ ಇಳಿಯಿತು, ಮತ್ತೆ ಮೇಲಕ್ಕೆ ಹೋಯಿತು. ಒಂದರ ಬೆನ್ನಿನ ಮೇಲೆ ಏನೋ ತಗ್ಗಾಗಿ ಸಿಕ್ಕಿದಾಗ ಆಸೆಯಿಂದ ನಿಂತಿತು.

‘ಇದೇನ್ರೀ ಇದು?’

‘ನಿನ್ ಹೆಸ್ರು. ಚಿನ್ನದ ಬಣ್ಣದಲ್ಲಿ ಒತ್ಸಿವ್ನಿ. ಎಲ್ಲದ್ರ ಮೇಲೂ ಅದೇ.’

ಅವಳು ಆ ಅಕ್ಷರಗಳನ್ನು ಕೊನೆಯವರೆಗೂ ಸವರಿದಳು. ಆಮೇಲೆ, ‘ಭಾಳ ಚೆನ್ನಾಗವೆ ಕಣ್ರೀ’ ಎಂದಳು. ಅಣ್ಣ ಟವಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದ.

ಅಡುಗೆಮನೆಯಲ್ಲಿ ನಾನು ಸಿಡಿದೆ. ‘ಈಗ್ಲೇ ಹೋಗಿ ಹೇಳ್ತೀನಿ ಅವ್ನಿಗೆ.’ ಅತ್ತಿಗೆ ನನ್ನ ರಟ್ಟೆ ಹಿಡಿದುಕೊಂಡಳು. ‘ಹೇಳಿದ್ರೆ ನಿನ್ ಮುಖ ನೋಡಕಿಲ್ಲ’ ಎಂದಳು. ತಾನು ಅಂದದ್ದು ತನಗೇ ಕೇಳಿಸಿ ಅವಳಿಗೆ ನಗು ಬಂತು, ನನಗೂ ಬಂತು. ನಗುತ್ತಾ ನಗುತ್ತಾ ಅವಳು ಅತ್ತುಬಿಟ್ಟಳು.

‘ಕಣ್ಣೋದಾಗಿಂದ ಅವ್ರು ನನ್ ಎದ್ರಿಗೆ ಕೂತ್ಕೊಂಡು ಉಂಡಿಲ್ಲ ಕಣೇ. ನಂಗೇನೂ ಮಾಡಕ್ಕಾಗಲ್ವಲ್ಲ ಅಂತ ಒಳಗೇ ಬೇಯ್ತಿದ್ರು. ಇವತ್ತು ಏನೋ ಮಾಡ್ದೆ ಅನ್ಕೊಂಡವ್ರೆ. ಅದ್ನ ಕಿತ್ಕೋಬೇಡ.’

ಅವಳು ಹೇಳಿದ್ದು ಸರಿ. ಅಂದಿನಿಂದ ಅಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಬರತೊಡಗಿದ. ಉಂಡು ಎದ್ದವನು ಬಟ್ಟೆ ತೆಗೆದುಕೊಂಡು ಪುಸ್ತಕಗಳ ಧೂಳು ಒರೆಸುತ್ತಿದ್ದ. ಒರೆಸಿದವನು ಹೇಗೆ ಬೇಕೋ ಹಾಗೆ ಜೋಡಿಸುತ್ತಿದ್ದ. ಅವನಿಗೆ ಎಲ್ಲ ಒಂದೇ ತಾನೆ?

ನಾನೂ ಬಿಂದುವೂ ಕೈಕಟ್ಟಿ ಕೂರಲಿಲ್ಲ. ಒಂದೊಂದನ್ನೇ ತೆರೆದು ಓದಿ, ಯಾವುದೆಂದು ಅತ್ತಿಗೆಗೆ ಹೇಳಿ, ಬೆನ್ನಿನ ಬುಡದಲ್ಲಿ ದಾರ ಕಟ್ಟಿದೆವು. ಇಲಿ ಪುಸ್ತಕಕ್ಕೆ ಒಂದು ಗಂಟು, ಸುಟ್ಟಿದ್ದಕ್ಕೆ ಎರಡು. ಒಂದು ಸಾಲು ಮುಗಿಯುವಷ್ಟರಲ್ಲಿ ಅಣ್ಣನ ಕಣ್ಣಿಗೆ ಬಿತ್ತು. ‘ನೋಡ್ದಾ ಆ ಬೈಂಡರ್ ಕೆಲ್ಸ! ದಾರ ಹಂಗೇ ಬಿಟ್ಟವ್ನೆ’ ಎಂದು ಬೈಯುತ್ತಾ ಬ್ಲೇಡು ಹಿಡಿದು ಎಲ್ಲವನ್ನೂ ನೀಟಾಗಿ ಕತ್ತರಿಸಿದ. ಬಿಂದು ಮೊಬೈಲಿನಲ್ಲಿ ಕಥೆ ಹಾಕಿಕೊಟ್ಟಳು. ಅತ್ತಿಗೆ ಸೊಸೆಯ ಮನಸ್ಸು ನೋಯಬಾರದೆಂದು ಎರಡು ದಿನ ಕೇಳಿದಳು. ಆಮೇಲೆ ಅದನ್ನೂ ಬಿಟ್ಟಳು. ‘ಯಾವ್ದು ಓದ್ಲಿ?’ ಎಂದು ನಾನು ಕೇಳಿದರೆ, ‘ಯಾವ್ದಾದ್ರೂ ಓದೇ’ ಎನ್ನುತ್ತಾಳೆ. ನನಗೆ ಆ ಮಾತು ಕೇಳಲಾಗುವುದಿಲ್ಲ.

ಮೊನ್ನೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. ‘ಅಲ್ಲ ಸುವರ್ಣ, ಇವ್ಳು ಪುಸ್ತಕ ಮುಟ್ಟೋದೇ ಇಲ್ವಲ್ಲ, ಯಾಕೆ?’

ನಿಜ ನಾಲಿಗೆಯ ತುದಿಗೆ ಬಂತು. ಅವನ ಮುಖ ಆಗಲೇ ಸಣ್ಣದಾಗಿತ್ತು. ‘ಹೊಸವಲ್ವೇನಣ್ಣ, ಕೊಳೆಯಾಗ್ತವೆ ಅಂತ ಹೆದರ್ತಾಳೆ’ ಎಂದೆ.

ಅವನು ಜೋರಾಗಿ ನಕ್ಕ. ನೆಟ್ಟಗೆ ಒಳಗೆ ಬಂದು, ನನ್ನೆದುರಿಗೇ ಅತ್ತಿಗೆಯ ಕೈ ಹಿಡಿದ. ನಾಲ್ಕು ಜನರ ಮುಂದೆ ಅವನು ಅವಳ ಕೈ ಹಿಡಿದದ್ದನ್ನು ಧಾರೆಯ ದಿನ ಬಿಟ್ಟರೆ ನಾನು ಕಂಡಿಲ್ಲ. ‘ಮುಟ್ಟೇ. ಕೊಳೆ ಆದ್ರೆ ಆಗ್ಲಿ, ಇನ್ನೊಂದ್ ಸಲ ಬೈಂಡ್ ಮಾಡ್ಸಿದ್ರಾಯ್ತು. ಯಾವ್ದು ಬೇಕೋ ನೀನೇ ತಗೊ’ ಎಂದು ಕೈಯನ್ನು ಹಲಗೆಯ ಮೇಲಿಟ್ಟ.

ಅತ್ತಿಗೆಯ ಬೆರಳು ಸಾಲಿನ ಮೇಲೆ ನಿಧಾನವಾಗಿ ಹೋಯಿತು. ಎಲ್ಲೂ ತಡೆಯಲಿಲ್ಲ. ಅಣ್ಣ ಕಾಯುತ್ತಿದ್ದ. ಅವಳು ಒಂದನ್ನು ಎಳೆದು ನನ್ನ ಕೈಗೆ ಕೊಟ್ಟು, ‘ಇದೇ ಬೇಕಾಗಿತ್ತು. ಓದು’ ಎಂದಳು.

ತೆರೆದೆ. ಅಣ್ಣ ಹಲಗೆಯ ಮೇಲಿದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದಾಗ, ಎಂದೋ ಕೃಷಿ ಇಲಾಖೆಯವರು ಊರಿಗೆಲ್ಲ ಹಂಚಿ ಹೋಗಿದ್ದ ತೆಂಗಿನ ರೋಗದ ಕಿರುಪುಸ್ತಕಗಳೂ ಸೇರಿಕೊಂಡಿದ್ದವು. ಬೈಂಡರ್ ಅವನ್ನೂ ಒಟ್ಟು ಹೊಲಿದಿದ್ದ. ಅತ್ತಿಗೆಯ ಕೈಗೆ ಸಿಕ್ಕಿದ್ದು ಅದೇ. ನಾನು ಅತ್ತಿಗೆಯ ಮುಖ ನೋಡಿದೆ. ಅವಳಿಗೆ ಕಾಣುವುದಿಲ್ಲ. ಬೇರೆ ಏನು ಓದಲಿ? ಬಾಯಲ್ಲಿ ಕಥೆ ಕಟ್ಟುವ ವಿದ್ಯೆ ನನಗಿಲ್ಲ, ಅಣ್ಣ ಬೇರೆ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

‘ಕಪ್ಪುತಲೆ ಹುಳು ತೆಂಗಿನ ಗರಿಯ ತಳಭಾಗದಲ್ಲಿ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ’ ಎಂದು ಓದಿದೆ.

ಅತ್ತಿಗೆ ಹಲಗೆಯಿಂದ ಕೈ ತೆಗೆದು ಅಲ್ಲೇ ಕೂತಳು.

‘ಅಯ್ಯೋ ಇವ್ಳ! ತೋಟದ್ ವಿಚಾರ ನಿಂಗ್ ಇಷ್ಟ ಅಂತ ಇಷ್ಟ್ ವರ್ಸ ನಂಗೆ ಗೊತ್ತೇ ಇರ್ಲಿಲ್ವಲ್ಲೇ’ ಎಂದು ಅಣ್ಣ ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ‘ಇನ್ಮೇಲೆ ದಿನಾ ಇದ್ನೇ ಓದು ಸುವರ್ಣ, ನಾನೂ ಕೇಳ್ತೀನಿ.’

‘ಹೂಂ ಕಣ್ರೀ’ ಎಂದಳು ಅತ್ತಿಗೆ. ನಾನು ಮುಂದಿನ ಪುಟ ತಿರುವಿದೆ.