ದೋಹಾದಲ್ಲಿ ಕರ್ಚೀಫ್ ಹಾಕಿದ್ದು

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಓಡಾಡಿ ಬೆಳೆದವರಿಗೆ ಒಂದು ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ಕರ್ಚೀಫು ಒಳಗೆ ಎಸೆಯಬೇಕು. ಅದು ಬಿದ್ದ ಸೀಟು ನಮ್ಮದು. ಆಮೇಲೆ ಗಂಡಿನ ಕಡೆ ಬೀಗರ ಹಾಗೆ ನಿಧಾನವಾಗಿ ಹತ್ತಬಹುದು. ನನಗೂ ತಂಗಿಗೂ ಇದನ್ನು ಕಲಿಸಿದವನು ಅಪ್ಪ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಇನ್ನೊಬ್ಬರ ಕರ್ಚೀಫು ಸರಿಸಿ ಕೂರುವವರನ್ನು ಅವನು ಕಳ್ಳರ ಸಾಲಿಗೇ ಸೇರಿಸುತ್ತಿದ್ದ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಜೋಗುಪಾಳ್ಯದ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾನೂನು ಮಾಡುವವನೂ ಅವನೇ, ಅನ್ನ ಮಾಡುವವನೂ ಅವನೇ.

ಈಚೆಗೆ ತಂಗಿಯ ಮದುವೆ ಡಬ್ಲಿನ್ನಿನಲ್ಲಿ ಗೊತ್ತಾಯಿತು. ಅವಳು ಅಲ್ಲಿ ನರ್ಸು, ಊರಿಗೆ ಬರಲು ರಜೆ ಸಿಗಲಿಲ್ಲ. ನಮ್ಮ ವೀಸಾ ಬಂದದ್ದು ಕೊನೇ ಗಳಿಗೆಯಲ್ಲಿ. ಮದುವೆಯ ಹಿಂದಿನ ದಿನ ಹೊರಟು, ದೋಹಾದಲ್ಲಿ ವಿಮಾನ ಬದಲಾಯಿಸಿ, ಅದೇ ದಿನ ತಲುಪಬೇಕು. ಆ ಎರಡನೆಯ ವಿಮಾನ ತಪ್ಪಿದರೆ ಮುಗಿಯಿತು, ಧಾರೆ ಎರೆಯಲು ಅಪ್ಪನೇ ಇರುವುದಿಲ್ಲ.

"ಲೇಟಾಗ್ಬೇಡ ಅಪ್ಪಾ, ಹಾಲ್ ಬಾಡಿಗೆ ಗಂಟೆ ಲೆಕ್ಕ. ಯಾರಿಗೂ ಕಾಯೋ ಹಾಗಿಲ್ಲ" ಎಂದಿದ್ದಳು ತಂಗಿ ಫೋನಿನಲ್ಲಿ. ನಗುತ್ತಲೇ ಹೇಳಿದಳು, ಆದರೆ ಫೋನ್ ಇಡುವ ಮೊದಲು ಅದನ್ನೇ ಇನ್ನೂ ಎರಡು ಸಲ ಹೇಳಿದಳು.

ನಮಗಿಬ್ಬರಿಗೂ ಅದು ಮೊದಲ ವಿಮಾನಯಾನ. ನಾನು ಸುಮ್ಮನಿರುವವಳೇ? ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ದುಬೈ, ಇಸ್ತಾಂಬುಲ್, ಅಡಿಸ್ ಅಬಾಬಾ, ಫ್ರಾಂಕ್‌ಫರ್ಟ್ ಎಂದು ಸಿಕ್ಕ ಸಿಕ್ಕ ನಿಲ್ದಾಣದ ವಿಡಿಯೋ ನೋಡಿದೆ. ನಾವು ಇಳಿಯದ ಊರುಗಳ ಶೌಚಾಲಯ ಎಲ್ಲಿದೆ ಎಂಬುದೂ ನನಗೆ ಬಾಯಿಪಾಠವಾಯಿತು. ಮನೆಗೆ ಬಂದು ಅಪ್ಪನಿಗೆ ಹಬ್ ಎಂದರೇನು ಎಂದು ಉಪನ್ಯಾಸ ಕೊಟ್ಟೆ: ಎಲ್ಲ ದಿಕ್ಕಿನಿಂದಲೂ ಜನ ಬಂದು ಒಂದೇ ಕಡೆ ಇಳಿಯುತ್ತಾರೆ, ಅಲ್ಲಿಂದ ಬೇರೆ ಬೇರೆ ವಿಮಾನ ಹತ್ತಿ ಹೋಗುತ್ತಾರೆ.

"ಅಂದ್ರೆ ಶಿವಾಜಿನಗರ" ಎಂದ ಅಪ್ಪ.

"ಅಷ್ಟು ಸಲೀಸಲ್ಲಪ್ಪ."

"ಇನ್ನೇನಮ್ಮ ಮತ್ತೆ? ಹಲಸೂರಿಂದ ಬಂದೋರು ಇಳೀತಾರೆ, ಹೆಬ್ಬಾಳಕ್ಕೆ ಹೋಗೋರು ಹತ್ತುತ್ತಾರೆ. ನಂಗೇ ಹೇಳ್ಕೊಡ್ತೀಯಲ್ಲ!"

ದೋಹಾದಲ್ಲಿ ಇಳಿದಾಗ ನನ್ನ ತಲೆ ಗಿರ್ರೆಂದಿತು. ಸಂತೋಷಕ್ಕೇ. ಇಷ್ಟೊಂದು ಬೆಳಕು, ಇಷ್ಟೊಂದು ಬಗೆಯ ಟೋಪಿ, ಮುಂಡಾಸು, ಸೂಟ್‌ಕೇಸು! ನಡೆಯುವ ನೆಲದ ಮೇಲೆ ಬೇಕಿಲ್ಲದಿದ್ದರೂ ಹೋಗಿ ಬಂದೆ. ಅಪ್ಪ ಮಾತ್ರ ನೇರವಾಗಿ ನಮ್ಮ ಗೇಟಿಗೆ ನಡೆದು, ಬಾಗಿಲಿಗೆ ಎದುರಾಗಿದ್ದ ಎರಡು ಕುರ್ಚಿಗೆ ಒಂದೊಂದು ಕರ್ಚೀಫು ಹಾಕಿದ. ಒಂದು ಅವನದು, ಒಂದು ನನ್ನದು. ಆಮೇಲೆ ಅವುಗಳ ಮೇಲೆಯೇ ಕೂತೆವು. ಅವನ ಮುಖದಲ್ಲಿ ಯುದ್ಧ ಗೆದ್ದ ಕಳೆ.

"ಒಂದ್ಸಲ ಬೋರ್ಡ್ ನೋಡ್ಕೊಂಡ್ ಬರ್ತೀನಿ" ಎಂದೆ.

"ಈ ಊರೋರಿಗೆ ಕರ್ಚೀಫ್ ಲೆಕ್ಕ ಗೊತ್ತೋ ಇಲ್ವೋ, ಎದ್ರೆ ಸೀಟ್ ಹೋಗುತ್ತೆ. ಸುಮ್ನೆ ಕೂತ್ಕೋ."

ಇಷ್ಟು ವಿಡಿಯೋ ನೋಡಿದ ಜಾಣೆ ನಾನು, ಕೂತೆ! ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಕಾಲು ಚಾಚಿಕೊಂಡು, "ನೋಡು, ರಶ್ ಕಮ್ಮಿ ಆಯ್ತು" ಎಂದ. ಆ ಸಾಲಿನಲ್ಲಿ ನಾವಿಬ್ಬರೇ ಉಳಿದಾಗ ನನಗೆ ಅನುಮಾನ ಬಂತು. ಎದ್ದು ಹೋಗಿ ಪರದೆ ನೋಡಿದೆ. ಡಬ್ಲಿನ್ ವಿಮಾನದ ಗೇಟು ಬದಲಾಗಿ ಎಷ್ಟು ಹೊತ್ತಾಗಿತ್ತೋ, ಕೊನೆಯ ಕರೆ ಎಂದು ಕೆಂಪಕ್ಷರ ಮಿನುಗುತ್ತಿತ್ತು.

ಓಡಿದೆವು. ಹೊಸ ಬೂಟು ಕಚ್ಚುತ್ತದೆಂದು ಅಪ್ಪ ಅವನ್ನು ಕಳಚಿ ಕೈಯಲ್ಲಿ ಹಿಡಿದ. ಅತ್ತರಿನ ಅಂಗಡಿ, ವಾಚಿನ ಅಂಗಡಿ, ಮಲಗಿದ್ದವರ ಕಾಲು, ಎಲ್ಲವನ್ನೂ ದಾಟಿಕೊಂಡು ಓಡಿದೆವು. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. "ನಗ್ಬೇಡ್ವೇ, ಓಡು!" ಎಂದು ಬೈಯುತ್ತಾ ಅವನೂ ನಕ್ಕ.

ಹೊಸ ಗೇಟಿನಿಂದ ವಿಮಾನದವರೆಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಗೇಟಿನ ಹುಡುಗಿ ನಮ್ಮ ಪಾಸು ನೋಡಿ ಬೇಗ ಬೇಗ ಎಂದು ಕೈ ಬೀಸಿದಳು. ನಾವು ಹೊರಗೆ ಕಾಲಿಡುವಷ್ಟರಲ್ಲಿ ಕೊನೆಯ ಬಸ್ಸಿನ ಬಾಗಿಲು ಮುಚ್ಚಿ ಚಕ್ರ ಉರುಳತೊಡಗಿತ್ತು. ನಾನು ನಿಂತುಬಿಟ್ಟೆ. ಅಪ್ಪ ನಿಲ್ಲಲಿಲ್ಲ. ಬಸ್ಸಿನ ಮೈಗೆ ಅಂಗೈಯಿಂದ ದಬದಬ ಬಡಿದು, ಇಡೀ ಶಿವಾಜಿನಗರಕ್ಕೆ ಕೇಳುವ ಹಾಗೆ ಕೂಗಿದ: "ಹೋಲ್ಡಾನ್! ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಡ್ರೈವರು ಯಾವ ದೇಶದವನೋ ನಾನರಿಯೆ, ಆ ಬಡಿತ ಮಾತ್ರ ಅವನಿಗೆ ಗೊತ್ತಿತ್ತು. ಬಾಗಿಲು ತೆರೆಯಿತು. ಅಪ್ಪ ಮೊದಲು ನನ್ನನ್ನು ಹತ್ತಿಸಿ, ತಾನು ಹತ್ತಿ, ಒಮ್ಮೆ ಹಿಂದೆ ನೋಡಿ, "ರೈಟ್, ರೈಟ್!" ಎಂದ. ಬಸ್ಸು ಹೊರಟಿತು.

ವಿಮಾನ ಮೇಲೇರಿದ ಮೇಲೆ ಅವನಿಗೆ ನೆನಪಾಯಿತು. "ಅಯ್ಯೋ, ಕರ್ಚೀಫ್ ಅಲ್ಲೇ ಬಿಟ್ವಲ್ಲೇ! ಯಾರೋ ಸೀಟ್ ಹೊಡ್ಕೊಂಡಿರ್ತಾರೆ." ನಾನು ನಕ್ಕ ರಭಸಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಮರುದಿನ ಬೆಳಗ್ಗೆ ಅಪ್ಪ ಪೇಟ ಸುತ್ತಿ ಬಿಚ್ಚಿ, ಮತ್ತೆ ಸುತ್ತಿ, ನಾವು ಹಾಲ್ ಸೇರುವಾಗ ಮುಂದಿನ ಸಾಲು ಭರ್ತಿಯಾಗಿತ್ತು. ಖಾಲಿ ಇದ್ದದ್ದು ನಟ್ಟನಡುವಿನ ಒಂದೇ ಕುರ್ಚಿ. ಅದರ ಮೇಲೆ ನೀಲಿ ಚೌಕುಳಿಯ ಕರ್ಚೀಫು. ಅಪ್ಪ ಅದನ್ನು ನೋಡಿ ಹಿಂದೆ ಸರಿದ.

"ಬೇಡಮ್ಮ, ಯಾರೋ ಸೀಟ್ ಹಿಡ್ದಿದ್ದಾರೆ. ಹಿಂದೆ ಕೂರೋಣ."

ಹಸೆಮಣೆಯ ಮೇಲಿದ್ದ ಮದುಮಗಳು ಬಾಸಿಂಗ ಅಲ್ಲಾಡುವಂತೆ ಕೂಗಿದಳು: "ಅಪ್ಪಾ, ಅದು ನಿನ್ ಸೀಟೇ! ನಾನೇ ಹಾಕಿರೋದು!"

ಅವಳನ್ನು ಮೊದಲ ಸಲ ದೇಶ ಬಿಟ್ಟು ಕಳಿಸುವಾಗ ಕಣ್ಣೊರೆಸಿಕೊಳ್ಳಲು ಅಪ್ಪ ಕೊಟ್ಟಿದ್ದ ಕರ್ಚೀಫು ಅದು. ಅಪ್ಪ ಅದನ್ನೆತ್ತಿ ಮುಖ ಒರೆಸಿಕೊಂಡು, ಬಹಳ ಹೊತ್ತು ಒರೆಸಿಕೊಂಡು, ಕೂತ. ಧಾರೆಗೆ ಕರೆದಾಗ ಎದ್ದ. ವೇದಿಕೆಯತ್ತ ಎರಡು ಹೆಜ್ಜೆ ಹೋದವನು ವಾಪಸು ಬಂದು, ಕರ್ಚೀಫನ್ನು ಕುರ್ಚಿಯ ಮೇಲೆ ಹಾಕಿ ಹೋದ.