ಕೋತಿಮನೆಯ ಮುನಿಯಂಜಿನಪ್ಪ
ದೇವನಹಳ್ಳಿಯಲ್ಲಿ ಹೊಸ ಔಷಧಿ ಪರೀಕ್ಷಿಸುವ ಬಂಗಲೆಯಲ್ಲಿ ಕೋತಿಗಳನ್ನು ನೋಡಿಕೊಳ್ಳುತ್ತಿದ್ದ ಮುನಿಯಂಜಿನಪ್ಪನ ಮನೆದೇವರು ಆಂಜನೇಯ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ನೋವಿನ ಮದ್ದು ಚಟ ಹಿಡಿಸುತ್ತದೆಯೇ ಎಂದು ತಿಳಿಯಲು ಅಲ್ಲಿನ ಡಾಕ್ಟರು ಅದನ್ನು ಮೊದಲು ಕೋತಿಗಳಿಗೆ ಕೊಡಿಸುತ್ತಿದ್ದರು; ಚುಚ್ಚುವವನು ಇವನೇ. ಸೂಜಿ ಹಿಡಿಯುವ ಮೊದಲು ಪ್ರತಿಸಲವೂ ಎರಡೂ ಕೆನ್ನೆ ಬಡಿದುಕೊಂಡು, “ತಪ್ಪಾಯ್ತು ಕಣಪ್ಪಾ, ಹೊಟ್ಟೆಪಾಡು” ಎನ್ನುತ್ತಿದ್ದ. ಬಾಳೆಹಣ್ಣು ಕೊಳೆತಿದ್ದರೂ ಬಡಿದುಕೊಳ್ಳುತ್ತಿದ್ದ, ಬೋನಿನ ಮುಂದೆ ಸೀನಿದರೂ ಬಡಿದುಕೊಳ್ಳುತ್ತಿದ್ದ. “ಅದ್ಯಾರ್ ಹೊಡ್ದವ್ರೆ ನಿಂಗೆ?” ಎಂದು ಹೆಂಡತಿ ಸಂಜೆ ಗಾಬರಿಯಾಗುವಷ್ಟು ಕೆನ್ನೆ ಕೆಂಪಾಗಿರುತ್ತಿತ್ತು. ಮದ್ದು ನಿಲ್ಲಿಸಿದ ಮಾರನೆಯ ದಿನ ಮುದಿ ಕೋತಿಯೊಂದು ಅವನು ಕೊಟ್ಟ ಕಡಲೆಕಾಯಿಯನ್ನು ಮೂಸಿಯೂ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಾ ತನ್ನ ಎರಡೂ ಕೆನ್ನೆ ಬಡಿದುಕೊಂಡು, ಸರಳುಗಳಾಚೆಗೆ ತೋಳು ಚಾಚಿತು. “ಚಟ ಹಿಡಿದಿದೆ,” ಎಂದರು ಡಾಕ್ಟರು ಖುಷಿಯಿಂದ. ಆಮೇಲೆ ಶನಿವಾರಗಳಂದು ಆಂಜನೇಯನ ಗುಡಿಯಲ್ಲಿ ಎಲ್ಲರೂ ಕೆನ್ನೆ ಬಡಿದುಕೊಳ್ಳುವಾಗ, ಮುನಿಯಂಜಿನಪ್ಪ ಮಾತ್ರ ಎರಡೂ ಕೈಗಳನ್ನು ಹೆಗಲ ಮೇಲಿನ ವಲ್ಲಿಯೊಳಗೆ ಅಡಗಿಸಿಕೊಂಡು ಹೊಸ್ತಿಲಾಚೆಯೇ ನಿಂತಿರುತ್ತಿದ್ದ.