ಶಿವಕ್ಕನ ಪಂಚಾಯ್ತಿ

ಶಿವಕ್ಕನನ್ನು ಗುಂಪಿನಿಂದ ಓಡಿಸಿದ್ದು ಅನ್ಯಾಯ ಎಂದು ವೆಂಕಟಸ್ವಾಮಿ ಇವತ್ತಿಗೂ ಹೇಳುತ್ತಾನೆ. ಹೇಳುವಾಗ ಕೈಯಲ್ಲಿರುವ ಕತ್ತರಿ ಗಾಳಿಯನ್ನೇ ಕಚಕ್ ಕಚಕ್ ಎಂದು ಕತ್ತರಿಸುತ್ತದೆ. ನಾಲ್ಕು ಜನ ಕೂತು ತೀರ್ಮಾನ ಮಾಡಬೇಕಾದ ವಿಷಯ. ಒಬ್ಬಳು ಊರಿಗೆ ಹೋಗಿದ್ದಾಗ, ಕರೆಂಟು ಹೋಯಿತು ಎಂಬ ನೆಪ ಹಿಡಿದು, ಒಂದು ಹೆಣ್ಣುಜೀವವನ್ನು ಸುರಿಯುವ ಹಿಮದೊಳಗೆ ಅಟ್ಟಿಬಿಟ್ಟರು. ಇದು ಯಾವ ಊರಿನ ನ್ಯಾಯ ಸ್ವಾಮಿ?

ಶಿವಕ್ಕ ಬಿಟಿಎಂನಲ್ಲಿಲ್ಲ, ಜಯನಗರದಲ್ಲಿಲ್ಲ, ಭೂಮಿಯ ಮೇಲೆ ಎಲ್ಲೂ ಇಲ್ಲ. ಅವಳು ಕಂಪ್ಯೂಟರ್ ಆಟದೊಳಗಿನ ಒಬ್ಬಳು ಕಳ್ಳಿ. ಆಟದಲ್ಲಿ ಅವಳ ಹೆಸರು ಸೆವ್ರಾ. ಶಿವಕ್ಕ ಎಂದು ಹೆಸರಿಟ್ಟವಳು ಶೈಲಶ್ರೀ. ಆ ಶೈಲಶ್ರೀಯ ಮಾತಿಗೆ ಆಮೇಲೆ ಬರೋಣ. ಮೊದಲು ವೆಂಕಟಸ್ವಾಮಿಯ ಕಥೆ.

ವೆಂಕಟಸ್ವಾಮಿ ಅರೆಕೆರೆಯ ಹಳೇ ಊರಿನವನು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತುಕೊಂಡು ಮುರಿದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾನೆ. ಇಂಗ್ಲಿಷು ಸುತರಾಂ ಇಲ್ಲ. ಬಿಟಿಎಂ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಬೈಕು, ಸ್ಕೂಟರುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಅವನದು. ಕೈ ಚಿನ್ನದಂಥದ್ದು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಜೊತೆಗೆ ಅಂಗಡಿ ಇಟ್ಟ ಭಾವಮೈದ ಆರು ತಿಂಗಳಿಗೇ ಕೈಮುಗಿದು ಹೊರಟುಹೋದ. "ನಿಮ್ಮ ಬಾಯಿಗೆ ಹೆದರ್ಕೊಂಡು ನಮ್ಮನೆಗೆ ಕಾಗೇನೂ ಬರಲ್ಲ," ಎಂದು ಹೆಂಡತಿ ಅಣ್ಣಮ್ಮ ಹೇಳುತ್ತಿದ್ದಳು. ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಸೇರಿ ಏನಾದರೂ ಮಾತಾಡುತ್ತಿದ್ದರೆ, ವೆಂಕಟಸ್ವಾಮಿ ಬಂದ ಕೂಡಲೇ ಮಾತು ಊಟದ ಕಡೆ ತಿರುಗುತ್ತಿತ್ತು. ಅವನ ಅಭಿಪ್ರಾಯ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ಅವನು ಹೇಳುತ್ತಿದ್ದ, ಅದು ಬೇರೆ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಪಕ್ಕದ ಮಳಿಗೆಯಲ್ಲಿ ಸುಭಾಷ್ ಎಂಬ ಹುಡುಗ ಸೈಬರ್ ಸೆಂಟರ್ ತೆರೆದ. ಅಲ್ಲಿಗೆ ಬರುವವರೆಲ್ಲ ಬೈಕುಗಳನ್ನು ವೆಂಕಟಸ್ವಾಮಿಯ ಅಂಗಡಿಗೆ ಅಡ್ಡ ನಿಲ್ಲಿಸುತ್ತಿದ್ದರು. ಒಂದು ಸಂಜೆ ತಡೆಯಲಾಗದೆ, ಬಾಯಲ್ಲಿ ಕಚ್ಚಿದ್ದ ದಬ್ಬಳವನ್ನು ಕೈಗೆ ತೆಗೆದುಕೊಂಡು ಒಳಗೆ ನುಗ್ಗಿದ.

"ಯಾವನ್ದೋ ಅದು ಕರೀ ಬೈಕು? ಸೀಟು ಹರಿದ್ಹಾಕ್ಬಿಡ್ತೀನಿ!"

"ಹರೀರಿ ಅಣ್ಣ, ಹೊಲ್ಸಕ್ಕೆ ನಿಮ್ಮತ್ರಾನೇ ಬರ್ತಾನೆ," ಎಂದ ಸುಭಾಷ್, ತಲೆ ಎತ್ತದೆ.

ಒಳಗಿದ್ದವರು ನಕ್ಕರು. ಮೂರನೇ ಕಂಪ್ಯೂಟರಿನ ಮುಂದೆ ಕೂತಿದ್ದ ಒಂದು ಹುಡುಗಿ ಮಾತ್ರ ನಗಲಿಲ್ಲ. ಅವಳ ಪರದೆಯ ಮೇಲೆ ಕಾಡು, ಹಿಮ, ನಡುವೆ ಒಂದು ಬೆಂಕಿ, ಬೆಂಕಿಯ ಸುತ್ತ ಮೂವರು. ಅವರಲ್ಲೊಬ್ಬಳು ಕೈ ಆಡಿಸುತ್ತ ಏನೋ ಹೇಳುತ್ತಿದ್ದಳು. ವೆಂಕಟಸ್ವಾಮಿ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿದ.

"ಅವಳು ಏನಂತಿದ್ದಾಳಮ್ಮ?"

ಹುಡುಗಿ ಅವನ ಕೈಯಲ್ಲಿದ್ದ ದಬ್ಬಳವನ್ನು ನೋಡಿದಳು, ಮುಖವನ್ನು ನೋಡಿದಳು. "ಎಲ್ಲಾರೂ ಉಂಡ್ರೇನು ಅಂತ ಕೇಳಾಕತ್ತಾಳ್ರಿ ಕಾಕಾ. ರೊಟ್ಟಿ ಕದ್ಕೊಂಡು ಬಂದೀನಿ, ಕದ್ದದ್ದಂತ ರುಚಿ ಏನ್ ಕಡಿಮಿ ಆಗಂಗಿಲ್ಲ, ತಿನ್ರಿ ಅಂತಾಳ."

ವೆಂಕಟಸ್ವಾಮಿ ಗಹಗಹಿಸಿ ನಕ್ಕ. ಒಂದು ಸ್ಟೂಲು ಎಳೆದುಕೊಂಡು ಕೂತ. ಕರೀ ಬೈಕು ರಾತ್ರಿಯವರೆಗೂ ಅಲ್ಲೇ ನಿಂತಿತ್ತು.

ಅವಳೇ ಶೈಲಶ್ರೀ. ಗದಗದ ಕಡೆಯವಳು. ಹತ್ತಿರದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ, ಬಾಡಿಗೆ ರೂಮಿನಲ್ಲಿ ವಾಸ. ಸಂಜೆ ಆಫೀಸು ಬಿಟ್ಟರೆ ರೂಮಿಗೆ ಹೋಗಿ ಗೋಡೆ ನೋಡಬೇಕಲ್ಲ ಎಂದು ಸೈಬರಿಗೆ ಬರುತ್ತಿದ್ದಳು. ಎಸ್.ಪಿ. ರೋಡಿನಿಂದ ಸುಭಾಷ್ ತಂದಿದ್ದ ಆ ಆಟದ ಸೀಡಿ ಮೂರನೇ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಬೇರೆ ಯಾವುದಕ್ಕೆ ಹಾಕಿದರೂ ಕಿರ್ ಎಂದು ಕೂಗಿ ನಿಂತುಬಿಡುತ್ತಿತ್ತು. ಆ ಕಂಪ್ಯೂಟರಿನಲ್ಲಿ ಜಾಗವೂ ಕಡಿಮೆ. ಆಟ ಎಲ್ಲಿಗೆ ಬಂತೆಂದು ಉಳಿಸಿಡಲು ಒಂದೇ ಒಂದು ಖಾನೆ. ಹೊಸದು ಉಳಿಸಿದರೆ ಹಳೆಯದು ಹೋಯಿತು. ಹಾಗಾಗಿ ಸುಭಾಷನ ಅಂಗಡಿಯಲ್ಲಿ ಒಂದು ಕಟ್ಟಳೆ ತಾನಾಗಿಯೇ ಹುಟ್ಟಿತು. ಆಟ ಎಲ್ಲರದೂ ಒಂದೇ. ದಾರಿ ನಡೆಯುವುದು, ಕತ್ತಿ ಬೀಸುವುದು ಯಾರು ಬೇಕಾದರೂ ಮಾಡಬಹುದು. ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಬಂದರೆ ಮಾತ್ರ ಎಲ್ಲರೂ ಸೇರಿ ಪಂಚಾಯ್ತಿ ಮಾಡಿಯೇ ಗುಂಡಿ ಒತ್ತಬೇಕು. ಎಲ್ಲರೂ ಎಂದರೆ ನಾಲ್ವರು: ಶೈಲಶ್ರೀ, ಸುಭಾಷ್, ಜಯನಗರದ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ತಿರುಮಲೇಶ, ಮತ್ತು ವೆಂಕಟಸ್ವಾಮಿ.

ಓದು ಬಾರದವನ ಮಾತಿಗೂ ಅಲ್ಲಿ ಒಂದು ಪಾಲು ಇತ್ತು. "ವೆಂಕಟಸ್ವಾಮಣ್ಣ ಏನಂತಾರೆ?" ಎಂದು ಕೇಳಿ, ಅವನು ಹೇಳುವವರೆಗೆ ಕಾಯುತ್ತಿದ್ದರು. ನಲವತ್ತನಾಲ್ಕು ವರ್ಷದಲ್ಲಿ ಅಂಥದ್ದೊಂದು ಜಾಗ ಅವನಿಗೆ ಸಿಕ್ಕಿದ್ದು ಅದೇ ಮೊದಲು. ಐದೂವರೆಯಾಯಿತೆಂದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಲಿಗೆ ಯಂತ್ರದ ಮೇಲಿನ ಕಾಲು ಹೊಲಿಗೆ ಇಲ್ಲದಾಗಲೂ ಆಡುತ್ತಿತ್ತು. ರೆಕ್ಸಿನ್ ಕತ್ತರಿಸುತ್ತಿದ್ದರೆ ನಡುವೆ ಎದ್ದು ಬಾಗಿಲಿಗೆ ಬಂದು ಇಣುಕುವುದು, ಮತ್ತೆ ಒಳಗೆ ಹೋಗುವುದು, ಮತ್ತೆ ಬರುವುದು.

ಜಗಳವೆಲ್ಲ ಇಬ್ಬರ ಮೇಲೆ. ಒಬ್ಬಳು ಶಿವಕ್ಕ. ಇನ್ನೊಬ್ಬ ಓಡ್ರಿಕ್ ಎಂಬ ಕುದುರೆ ಸವಾರ. ಅವನನ್ನು ಇವರು ಸಾಹೇಬ್ರು ಎನ್ನುತ್ತಿದ್ದರು. ಸಾಹೇಬ್ರು ಸುಳ್ಳು ಹೇಳುವವರಲ್ಲ, ಕದಿಯುವವರಲ್ಲ, ದಿನಾ ಪ್ರಾರ್ಥನೆ. ಆದರೆ ಕೊಟ್ಟ ಮಾತಿನಂತೆ ಹೊತ್ತಿಗೆ ಸರಿಯಾಗಿ ಕೋಟೆ ಮುಟ್ಟಬೇಕೆಂದು, ಗಾಯಗೊಂಡಿದ್ದ ತನ್ನ ಆಳನ್ನೇ ದಾರಿಯಲ್ಲಿ ಬಿಟ್ಟು ಬಂದಿದ್ದರು.

"ಕಟ್ಕೊಂಡು ಏನ್ ಮಾಡ್ತೀಯ ಅಂಥಾ ಒಳ್ಳೇತನಾನ?" ಎಂದು ವೆಂಕಟಸ್ವಾಮಿ ಹರಿಹಾಯುತ್ತಿದ್ದ. "ಗೋಡೆಗೆ ಹಾಕಿರೋ ದೇವರ ಫೋಟೋ ಥರ. ಊದಿನಕಡ್ಡಿ ಹಚ್ಚಬಹುದು, ಜೊತೇಲಿ ಕೂತು ಉಣ್ಣಕ್ಕಾಗಲ್ಲ."

"ನಿಮಗೆ ಇಷ್ಟ ಆಗೋದು ಬೇರೆ, ಸರಿ ಅನ್ನೋದು ಬೇರೆ ಅಣ್ಣ," ತಿರುಮಲೇಶ ಕನ್ನಡಕ ಒರೆಸಿಕೊಳ್ಳುತ್ತಿದ್ದ. "ಶಿವಕ್ಕ ಸಖತ್ ಮಾತಾಡ್ತಾಳೆ, ಒಪ್ಕೋತೀನಿ. ಮಾತಾಡಿ ಮಾತಾಡಿ ದೋಣಿಯವನ ಚೀಲ ಹಾರಿಸಿದ್ಲಲ್ಲ?"

"ಆ ದೋಣಿಯವನು ನಿಮ್ಮಾವನಾ? ಯಾಕಷ್ಟು ಉರಿ?"

"ನಿಮ್ಮಂಗಡೀಲಿ ರೆಕ್ಸಿನ್ ಕದ್ದಿದ್ರೆ ಗೊತ್ತಾಗ್ತಿತ್ತು."

"ಕದ್ದು, ಆಮೇಲೆ ಊಟ ಆಯ್ತಾ ಅಂತ ಕೇಳಿದ್ರೆ ಬಿಟ್ಬಿಡ್ತಿದ್ದೆ, ಹೋಗಯ್ಯ!"

"ಗುರು, ಇವರಿಬ್ರನ್ನೂ ಆಟದೊಳಗೆ ಹಾಕ್ಬಿಡು, ನಾವು ಹೊರಗೆ ಕೂತು ನೋಡೋಣ," ಎಂದು ಸುಭಾಷ್ ಶೈಲಶ್ರೀಗೆ ಕಣ್ಣು ಮಿಟುಕಿಸುತ್ತಿದ್ದ. ಅವಳು ನಗುತ್ತ ಮುಂದಿನ ಮಾತನ್ನು ಓದಿ ಹೇಳುತ್ತಿದ್ದಳು. ಶಿವಕ್ಕ ಗದಗದ ಕನ್ನಡದಲ್ಲಿ ಸಾಹೇಬರನ್ನು ಹಂಗಿಸುತ್ತಿದ್ದಳು, ಆಮೇಲೆ ಎಲ್ಲರ ಊಟ ವಿಚಾರಿಸುತ್ತಿದ್ದಳು. ಹೀಗೆ ನಾಲ್ಕು ತಿಂಗಳು.

ಐದನೇ ತಿಂಗಳು ಅಕ್ಕನ ನಿಶ್ಚಿತಾರ್ಥಕ್ಕೆಂದು ಶೈಲಶ್ರೀ ಊರಿಗೆ ಹೋದಳು. ಅವಳಿಲ್ಲದಾಗ ಬರೀ ದಾರಿ ನಡೆಯೋಣ ಎಂದುಕೊಂಡರು. ಆದರೆ ಆ ಸಂಜೆ ದಾರಿ ಮುಗಿದು ಕೋಟೆ ಬಂತು. ರಾತ್ರಿಯ ಹೊತ್ತು ಶಿವಕ್ಕ ಹೊನ್ನಿನ ಆಸೆಗೆ ಹಿತ್ತಿಲ ಬಾಗಿಲನ್ನು ಶತ್ರುಗಳಿಗೆ ತೆರೆದಳು. ಆಮೇಲೆ ಏನನ್ನಿಸಿತೋ, ತಾನೇ ಓಡಿಬಂದು ಬಾಗಿಲು ಹಾಕಿ, ಅಡ್ಡ ನಿಂತು ಹೊಡೆದಾಡಿದಳು. ಅಷ್ಟರಲ್ಲಿ ಕಾವಲಿನವರು ಸತ್ತಿದ್ದರು. ಈಗ ಪರದೆಯ ಮೇಲೆ ಎರಡು ಸಾಲು: ಒಂದು ಒತ್ತಿದರೆ ಅವಳು ಉಳಿಯುತ್ತಾಳೆ, ಇನ್ನೊಂದು ಒತ್ತಿದರೆ ಹೊರಗೆ.

"ಅವಳು ಏನಂತಾಳೆ ನೋಡು," ಎಂದ ವೆಂಕಟಸ್ವಾಮಿ.

ತಿರುಮಲೇಶ ಓದಿದ. "'ಕಾವಲಿನವರ ಜೀವ ನನ್ನ ಲಾಭಕ್ಕಿಂತ ಅಗ್ಗ. ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ನೀವು ಬದುಕಿರುವುದು ನನ್ನಿಂದ.' ಅಷ್ಟೇ ಅಣ್ಣ."

"ಸುಳ್ಳು! ಶಿವಕ್ಕ ಹಂಗೆ ಮಾತಾಡಲ್ಲ."

"ಇಲ್ಲಿ ಬರ್ದಿರೋದು ಅದೇ."

"ನಿಂಗೆ ಮೊದಲಿಂದಾನೂ ಅವಳ ಮೇಲೆ ಕೆಂಗಣ್ಣು. ಬೇಕಂತ ತಿರುಚ್ತಿದೀಯ. ಶೈಲಮ್ಮ ಬರ್ಲಿ, ಅವಳು ಓದ್ಲಿ."

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಸುಭಾಷನ ಯುಪಿಎಸ್ ಬ್ಯಾಟರಿ ಮುದಿಯಾಗಿತ್ತು, ಹೆಚ್ಚು ಹೊತ್ತು ತಡೆಯುತ್ತಿರಲಿಲ್ಲ. "ಬೇಗ ಹೇಳ್ರಪ್ಪೋ, ಏನೋ ಒಂದು ಒತ್ತಿ! ಇಲ್ಲಾಂದ್ರೆ ಉಳ್ಸಕ್ಕಾಗಲ್ಲ, ಇವತ್ತಿಂದೆಲ್ಲ ಹೋಗತ್ತೆ!" ಎಂದು ಅವನು ಕೂಗಿದ. "ಹೋದ್ರೆ ಹೋಗ್ಲಿ!" ಎಂದ ವೆಂಕಟಸ್ವಾಮಿ. "ಸತ್ತೋರ ಪರವಾಗಿ ಯಾರು ಅಣ್ಣ ಮಾತಾಡೋರು?" ಎಂದ ತಿರುಮಲೇಶ, ಹೊರಗೆ ಎಂಬ ಸಾಲನ್ನು ಒತ್ತಿಯೇಬಿಟ್ಟ. ಸುಭಾಷ್ ಉಳಿಸಿದ. ಪರದೆ ಕಪ್ಪಾಯಿತು. ಕತ್ತಲೆಯಲ್ಲಿ ವೆಂಕಟಸ್ವಾಮಿ ಸ್ಟೂಲನ್ನು ಒದ್ದ ಸದ್ದು ರಸ್ತೆಗೆ ಕೇಳಿತು.

ಶೈಲಶ್ರೀ ಬರುವವರೆಗೆ ಅವನು ನಿಂತಲ್ಲಿ ನಿಲ್ಲಲಿಲ್ಲ. ಸ್ಪ್ಲೆಂಡರಿನ ಸೀಟಿಗೆ ಲೂನಾದ ಅಳತೆಯಲ್ಲಿ ಕವರ್ ಕತ್ತರಿಸಿ ಹಾಳುಮಾಡಿದ. ಕೊರಿಯರ್ ಆಫೀಸಿನ ಮುಂದೆ ಎರಡು ಸಲ ಹೋಗಿ, ಒಳಗೆ ಕೇಳದೆ ವಾಪಸು ಬಂದ. ಅವಳು ಬಂದ ಸಂಜೆ, ಚಪ್ಪಲಿ ಬಿಡುವ ಮೊದಲೇ ಹಿಡಿದ.

"ಬಾಮ್ಮ. ಈ ಗುಮಾಸ್ತನ ಮುಂದೆ ಹೇಳು. ಶಿವಕ್ಕ ಕ್ಷಮೆ ಕೇಳಲ್ಲ, ಲಾಭ ಗೀಭ ಅಂದ್ಲಂತೆ. ಅವಳು ಹಂಗನ್ನೋಳಾ? ನಾಲ್ಕು ತಿಂಗಳಿಂದ ಊಟ ವಿಚಾರ್ಸಿಕೊಂಡು ಬಂದೋಳು?"

ಶೈಲಶ್ರೀ ತಿರುಮಲೇಶನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಅಕಿ ಹಂಗಾ ಅಂತಾಳ್ರಿ ಕಾಕಾ. ಊಟದ ಮಾತು ಅಕಿ ಎಂದೂ ಆಡಿಲ್ಲ. ಅದನ್ನ ನಾನ ಹಾಕ್ತಿದ್ದೆ."

"ನೀನು ಹಾಕ್ತಿದ್ಯಾ?"

"ಇಂಗ್ಲೀಷಿನ್ಯಾಗ ಅಕಿ ಬರೇ ಚುಚ್ಚಿ ಮಾತಾಡ್ತಾಳ್ರಿ. ಇದ್ದಂಗ ಹೇಳಿದ್ರ ನೀವು ಮೊದಲನೇ ದಿನಾನ ಬೈದು ಎದ್ದು ಹೋಗ್ತಿದ್ರಿ. ನಾ ಮತ್ತ ಒಬ್ಬಾಕೀನ ಕುಂಡ್ರಬೇಕಿತ್ತು." ಅವಳು ಸ್ವಲ್ಪ ನಕ್ಕಳು. "ಈ ಊರಾಗ ನನಗ ಯಾರೂ ಉಂಡಿಯೇನ್ ಅಂತ ಕೇಳಂಗಿಲ್ರಿ. ಅಕಿ ಬಾಯಾಗರ ಇರಲಿ ಅನಸ್ತು."

ಪರದೆ ಓದಬಲ್ಲ ತಿರುಮಲೇಶ, ಮೊದಲೇ ಗೊತ್ತಿದ್ದವನಂತೆ, ಕನ್ನಡಕ ತೆಗೆದು ಒರೆಸತೊಡಗಿದ. ಏನಾದರೂ ಹೇಳಿದ್ದರೆ ಒಳ್ಳೆಯದಿತ್ತು, ಸಿಟ್ಟು ಅವನ ಮೇಲೆ ಹೋಗುತ್ತಿತ್ತು. ವೆಂಕಟಸ್ವಾಮಿಯ ಕಿವಿ ಕೆಂಪಾಯಿತು. ತನ್ನ ಮಾತಿಗೂ ಪಾಲಿದೆ ಎಂದು ನಂಬಿದ ಒಂದೇ ಜಾಗದಲ್ಲಿ, ಓದುಬಾರದವನೆಂದು ಇಷ್ಟು ದಿನ ತನಗೆ ಬೇರೆಯೇ ಆಟ ಆಡಿಸಿದ್ದರು ಎನ್ನಿಸಿತು.

"ನಾಲ್ಕು ತಿಂಗಳು ನನ್ನ ಕಿವಿ ಮೇಲೆ ಹೂ ಇಟ್ಯಾ? ಎಮ್ಮೆ ಥರ ತಲೆ ಆಡಿಸ್ತಾನೆ ಅಂತ ರೂಮಲ್ಲಿ ಕೂತು ನಗ್ತಿದ್ಯಾ? ಅವಳಲ್ಲ ಕಳ್ಳಿ, ನೀನು! ನಿನ್ನನ್ನ ಮೊದಲು ಓಡಿಸ್ಬೇಕಿತ್ತು."

"ಅಣ್ಣ, ಸಾಕು," ಎಂದ ಸುಭಾಷ್.

ಶೈಲಶ್ರೀ ಚೀಲ ಎತ್ತಿಕೊಂಡು ಹೊರಟುಹೋದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮಾರನೇ ದಿನ ಅವಳು ಬರಲಿಲ್ಲ, ಆ ವಾರವೂ ಬರಲಿಲ್ಲ. ಅವಳಿಲ್ಲದ ಪಂಚಾಯ್ತಿ ತಾನಾಗಿಯೇ ಚದುರಿತು. ತಿರುಮಲೇಶ ಒಂದೆರಡು ಸಲ ಬಂದು, "ಮೊದಲಿಂದ ಆಡೋಣ ಅಣ್ಣ, ಈ ಸಲ ಶಿವಕ್ಕನ್ನ ಇಟ್ಕೊಳೋಣ," ಎಂದ. "ಯಾವ ಶಿವಕ್ಕನ್ನ?" ಎಂದು ಕೇಳಿದ ವೆಂಕಟಸ್ವಾಮಿ. ಆಮೇಲೆ ತಿರುಮಲೇಶನೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ವೆಂಕಟಸ್ವಾಮಿ ಸೀಟಿಗೆ ರೆಕ್ಸಿನ್ ಎಳೆದು ಕಟ್ಟುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಶೈಲಶ್ರೀ. ಹುಬ್ಬಳ್ಳಿಯ ಆಫೀಸಿಗೆ ವರ್ಗವಾಗಿತ್ತು.

"ಜೆ.ಪಿ. ನಗರದಾಗ ಇನ್ನೊಂದು ಸೈಬರಿನ್ಯಾಗ ಆ ಆಟ ಪೂರಾ ಮಾಡಿದ್ನಿ ಕಾಕಾ. ಶಿವಕ್ಕನ್ನ ಇಟ್ಕೊಂಡೀನಿ."

ಅವನು ದಬ್ಬಳ ಕಚ್ಚಿಕೊಂಡೇ "ಹ್ಞೂಂ" ಎಂದ.

ಅವಳು ನಿಂತಲ್ಲೇ ಹೇಳಿದಳು. ಆಟದ ಕೊನೆಗೆ, ಕೋಟೆಗೆ ತಗುಲಿದ್ದ ಶಾಪ ಬಿಡಿಸುವಾಗ ಒಬ್ಬರು ಒಳಗೆ ಉಳಿದು ಬಾಗಿಲನ್ನು ಹಿಡಿದಿರಬೇಕು, ಉಳಿದವರು ಮತ್ತೆ ಹೊರಗೆ ಬರುವಂತಿಲ್ಲ. ಸಾಹೇಬ್ರು ಪ್ರಾರ್ಥನೆ ಮುಗಿಸಿ ಮುಂದೆ ಬಂದರು. ಶಿವಕ್ಕ ಅವರನ್ನು ಹೊರಗೆ ನೂಕಿ, ಬಾಯಿಗೆ ಬಂದಂತೆ ಬೈಯುತ್ತ, ತಾನು ಉಳಿದಳು.

"ಇದು ಅದ್ರಲ್ಲಿ ಇರೋದಾ, ನೀನು ಹಾಕಿದ್ದಾ?"

"ಅದನ್ನ ಬಿಡ್ರಿ. ತಿರುಮಲೇಶಣ್ಣ ತಮ್ಮ ಪಾಲಿಂದು ಹೇಳ್ಯಾರ, ಸುಭಾಷ ಹೇಳ್ಯಾನ, ನಾನೂ ಒತ್ತಿ ತೋರ್ಸೀನಿ. ಎಲ್ಲಾ ಗೊತ್ತಾದ ಮ್ಯಾಲ ನೀವು ಏನೂ ಹೇಳಿಲ್ಲ. ಅಕಿ ಒಳ್ಳೇಕೀನೋ ಕೆಟ್ಟಾಕೀನೋ? ನಿಮ್ಮ ಪಾಲಿಂದು ಒಂದು ಬಾಕಿ ಐತಿ ನೋಡ್ರಿ."

ವೆಂಕಟಸ್ವಾಮಿ ದಬ್ಬಳ ತೆಗೆದ. ಬಾಯಿ ತೆರೆದ. ಅಷ್ಟರಲ್ಲಿ ಕೆಂಪು ಸ್ಕೂಟರಿನವನೊಬ್ಬ ಹಾರ್ನ್ ಬಾರಿಸಿ, "ಏನ್ರೀ, ಬೆಳಿಗ್ಗೆ ಕೊಡ್ತೀನಿ ಅಂದಿದ್ರಲ್ಲ?" ಎಂದ. "ಕೊಡ್ತೀನಿ ಅಂದ್ರೆ ಕೊಡ್ತೀನಿ, ತಲೆ ಮೇಲೆ ಕೂತ್ಕೋತೀಯಾ?" ಎಂದು ವೆಂಕಟಸ್ವಾಮಿ ಅವನ ಮೇಲೆ ಬಿದ್ದ. ಮಾತಿಗೆ ಮಾತು ಬೆಳೆಯಿತು. "ಆಗ್ಲಿ ಕಾಕಾ, ಬರ್ತೀನಿ," ಎಂದಿದ್ದು ಕೇಳಿದಂತಾಯಿತು. ತಿರುಗಿ ನೋಡುವಾಗ ಬಾಗಿಲಲ್ಲಿ ಬಿಸಿಲಷ್ಟೇ ಇತ್ತು. ಮುಖ್ಯರಸ್ತೆಯವರೆಗೆ ಓಡಿದ. ಬಸ್ಸು, ಆಟೋ, ಧೂಳು.

ಸುಭಾಷನ ಬಳಿ ಅವಳ ವಿಳಾಸವಿರಲಿಲ್ಲ. ಕೊರಿಯರ್ ಆಫೀಸಿನವರು ಕೊಡಲಿಲ್ಲ. ಕೇಳಿದ ರೀತಿ ಹಾಗಿತ್ತು. ಈಗ ಸೈಬರ್ ಹೋಗಿ ಮೊಬೈಲು ರೀಚಾರ್ಜ್ ಅಂಗಡಿ ಬಂದಿದೆ. ವೆಂಕಟಸ್ವಾಮಿಗೆ ಸಮಾಧಾನವಿಲ್ಲ. ಬೆಳಿಗ್ಗೆ ಹೊಲಿಯುತ್ತ ಕೂತಾಗ ಶಿವಕ್ಕ ಒಳ್ಳೆಯವಳು ಎನ್ನಿಸುತ್ತದೆ. ಊಟದ ಹೊತ್ತಿಗೆ ಸತ್ತ ಕಾವಲಿನವರು ನೆನಪಾಗುತ್ತಾರೆ. ಸಂಜೆಗೆ ಮತ್ತೆ ಮೊದಲಿಂದ. ಬರುವ ಗಿರಾಕಿಯ ಮಾತಿನಲ್ಲಿ ಗದಗ, ಹುಬ್ಬಳ್ಳಿಯ ವಾಸನೆ ಬಂದರೆ ಕೈ ನಿಲ್ಲಿಸಿ ಕೇಳುತ್ತಾನೆ.

"ಆ ಕಡೆ ಶೈಲಶ್ರೀ ಅಂತ ಗೊತ್ತಾ? ಕೊರಿಯರ್‌ನಲ್ಲಿ ಇದ್ಲು."

"ಇಲ್ರೀ. ಯಾಕ್ರೀ?"

"ಒಂದು ಮಾತು ಹೇಳೋದಿತ್ತು ಅವಳಿಗೆ."

"ಏನ್ ಮಾತ್ರೀ?"

"ಅವಳಿಗೆ ಹೇಳೋದಯ್ಯ ಅದು, ನಿಂಗ್ಯಾಕೆ? ಸೀಟು ಸಂಜೆಗೆ ಬಂದು ತಗೊಂಡೋಗು," ಎಂದು ಗದರಿ, ವೆಂಕಟಸ್ವಾಮಿ ಯಂತ್ರದ ಮೇಲೆ ಬಗ್ಗುತ್ತಾನೆ.